ನನ್ನೆದುರಿಗೆ ನಿಲ್ಲದ ಲಾರಿ

ನನ್ನ ಶೆಡ್ಡಿಗೆ ಬಂದಾಗಲೆಲ್ಲ ಅದಕ್ಕೆ ಆರೋಗ್ಯ.
ಮುಳಬಾಗಿಲು ಬೈಪಾಸಿನ ಹುಣಸೆಮರದ ಕೆಳಗೆ
ಸ್ಟಾರ್ಟು ಮಾಡಿಬಿಟ್ಟರೆ ರಾಗಿಕಲ್ಲಿನ ಹಾಗೆ
ಒಂದೇ ಸಮ ಗರಗರ.
ಬಂಪರಿನ ಮೇಲಿಟ್ಟ ಚಹಾ ನಡುಗುತ್ತದೆ, ಚೆಲ್ಲುವುದಿಲ್ಲ.

ಪಿಳ್ಳಪ್ಪ ಎರಡೂ ಕೈ ಚೆಲ್ಲಿ ನಿಲ್ಲುತ್ತಾನೆ:
"ನಿನ್ನೆ ರಾತ್ರಿ ಮೂರು ಸಲ, ಖಲೀಲಣ್ಣ,
ನಂಗಲಿ ಆಚೆ, ಲೋಡು ತುಂಬಿಕೊಂಡು.
ಮೊದಲು ಕೆಮ್ಮು. ಆಮೇಲೆ ಎಳೆತ ಇಲ್ಲ.
ಆಮೇಲೆ ಸದ್ದೇ ಇಲ್ಲ.
ಒಂದು ಬೀಡಿ ಮುಗಿಯೋವರೆಗೂ ಕಾದು ಚಾವಿ ತಿರುವಿದರೆ
ಏನೂ ಆಗದೋರ ಹಾಗೆ ಹೊರಡುತ್ತೆ."

ಓನರು ಚೌಡರೆಡ್ಡಿ ಫೋನಿನಲ್ಲಿ ನಗುತ್ತಾನೆ:
"ಅವನು ಓಡಿಸಿದಾಗ ಮಾತ್ರ ನಿಲ್ಲುತ್ತಲ್ಲಾ,
ಗಾಡಿಗೂ ನಿದ್ದೆ ಹತ್ತಿಸ್ತಾನೆ ನನ್ಮಗ."
ಎರಡು ಟ್ರಿಪ್ಪಿನ ಬಾಟಾ ಹಿಡಿದಿಟ್ಟಿದ್ದಾನೆ.

ನಾನು ನಂಬಿದೆನೋ? ಅರ್ಧ.
ಕೆಲಸ ಕಲಿಸಿದ ಮಸ್ತಾನ್ ಸಾಬರು ಅನ್ನುತ್ತಿದ್ದರು,
ಡ್ರೈವರು ಹೇಳೋ ಕಾಯಿಲೆ ನಂಬಬೇಡ,
ಹೇಳೋ ಸದ್ದು ನಂಬು.

ಫಿಲ್ಟರು ಬದಲಿಸಿದೆ, ಎರಡೂ.
ತಳದ ಗಾಜುಬಟ್ಟಲಿನಿಂದ ಚಮಚದಷ್ಟು ನೀರು ಬಂತು,
ಕಳ್ಳ ಸಿಕ್ಕನೆಂದು ಹಿಗ್ಗಿದೆ.
ಗುರುವಾರ ಮತ್ತೆ ನಿಂತಿತಂತೆ.
ಆರು ನಾಝಲ್ಲಿನ ನಟ್ಟನ್ನೂ ಒಂದೊಂದಾಗಿ ಸಡಿಲಿಸಿ
ಕಿವಿ ಕೊಟ್ಟೆ:
ಯಾವುದನ್ನು ಬಿಟ್ಟರೂ ಎಂಜಿನ್ನು ಕುಂಟಿತು,
ಅಂದರೆ ಆರೂ ದುಡಿಯುತ್ತಿವೆ, ಒಳಗೆ ಸೋಮಾರಿಗಳಿಲ್ಲ.
ಪಂಪು ಬಿಚ್ಚಿ ಕೋಲಾರಕ್ಕೆ ಕಳಿಸು ಅಂದ ಒಬ್ಬ, ಹದಿನೆಂಟು ಸಾವಿರ.
ರೆಡ್ಡಿ ಗಾಡಿಯನ್ನೇ ಕುರುಡುಮಲೆಗೆ ಕಳಿಸಿದ, ನಾಲ್ಕು ನಿಂಬೆಹಣ್ಣು.
ಅದೂ ಐದಾರು ದಿನ ಕೆಲಸ ಮಾಡಿತು,
ಸುಳ್ಳು ಯಾಕೆ ಹೇಳಲಿ.

ಕೊನೆಗೆ ಒಂದು ರಾತ್ರಿ ವಡ್ಡಹಳ್ಳಿ ಮಂಡಿಯಲ್ಲಿ
ಟೊಮೆಟೊ ಕ್ರೇಟು ಹೇರುವಾಗ
ನಾನೂ ಹತ್ತಿ ಕೂತೆ, ಕ್ಲೀನರಿನ ಜಾಗದಲ್ಲಿ.
ಟ್ಯಾಂಕಿನಿಂದ ಫೀಡ್ ಪಂಪಿಗೆ ಹೋಗುವ ದಾರಿ ಕತ್ತರಿಸಿ
ಒಳಗಿನದು ಕಾಣುವ ತೆಳು ಪೈಪು ಜೋಡಿಸಿ
ಕಿಟಕಿಯಿಂದ ಎಳೆದು ತೊಡೆ ಮೇಲೆ ಹಾಕಿಕೊಂಡೆ.
ಟಾರ್ಚಿನ ಬೆಳಕಿನಲ್ಲಿ ಡೀಸೆಲ್ಲು ಹರಿಯುವುದನ್ನು
ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು
ಗ್ಲೂಕೋಸು ಕಾಯುವವರ ಹಾಗೆ ಕಾದೆ.

ದಿನಾ ರಾತ್ರಿ ನಿಲ್ಲಬೇಡ ಅಂತ ಬೇಡಿದವನು
ಇವತ್ತು ತುಟಿಯೊಳಗೇ,
"ನಿಲ್ಲೇ ತಾಯಿ, ಇವನೆದುರಿಗೆ ಒಂದೇ ಒಂದು ಸಲ."

ನಂಗಲಿ ದಾಟಿತು. ಏರು.
ಕೆಮ್ಮಿತು.
ಗುಳ್ಳೆ ಬರುತ್ತದೆಂದು ನೋಡುತ್ತಿದ್ದೆ, ಗುಳ್ಳೆ ಬರಲಿಲ್ಲ.
ಬೀಡಿ ಜಗ್ಗುವ ಮುದುಕನ ಕೆನ್ನೆಯ ಹಾಗೆ
ಪೈಪು ಒಳಗೆ ಹೀರಿಕೊಂಡು
ಚಪ್ಪಟೆಯಾಯಿತು.
ಆಮೇಲೆ ಕತ್ತಲು, ಹಿಂದಿನವರ ಹಾರನ್ನು.

ಎಂಜಿನ್ನು ಸತ್ತದ್ದಕ್ಕೆ ಡ್ರೈವರು ನಕ್ಕದ್ದನ್ನು
ನಾನು ಅವತ್ತೇ ಕಂಡದ್ದು.
ಸ್ಟೇರಿಂಗು ಗುದ್ದಿ ಗುದ್ದಿ "ನೋಡಿದ್ಯಾ? ನೋಡಿದ್ಯಾ?"
ಕಣ್ಣಲ್ಲಿ ನೀರು.
ನಾನು ಪೈಪನ್ನೇ ನೋಡುತ್ತಿದ್ದೆ.
ಮೆಲ್ಲಗೆ ಅದು ಮತ್ತೆ ದುಂಡಗಾಯಿತು, ಯಾರೂ ಮುಟ್ಟದೆ.
ಸರಿಯಾಗಿ ಒಂದು ಬೀಡಿಯ ಹೊತ್ತು.

ಮರುದಿನ ಟ್ಯಾಂಕು ಬರಿದು ಮಾಡಿದೆವು.
ತಳದ ಮಡ್ಡಿಯಲ್ಲಿ ಅಂಗೈಯಗಲ ಪ್ಲಾಸ್ಟಿಕ್ಕು,
ಹಾಲಿನ ಪ್ಯಾಕೆಟ್ಟಿನದು, ನೀಲಿ ಅಕ್ಷರ ಇನ್ನೂ ಮಾಸಿಲ್ಲ.
ಹೀರುವಾಗ ಕೊಳವೆಯ ಬಾಯಿಗೆ ಅಂಟುವುದು,
ಹೀರುವುದು ನಿಂತರೆ ಕೈಬಿಟ್ಟು
ಡೀಸೆಲ್ಲಿನಲ್ಲಿ ಈಜುತ್ತಾ ದೂರ ಹೋಗುವುದು.

ಪಿಳ್ಳಪ್ಪ ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದ.
"ಎರಡು ವರ್ಷದ ಕೆಳಗೆ ಟ್ಯಾಂಕಿನ ಮುಚ್ಚಳ ಕಳೆದುಹೋಗಿತ್ತು.
ಮಳೆ ಬೇರೆ.
ನಾನೇ ಕಟ್ಟಿದ್ದೆ, ರಬ್ಬರು ಸುತ್ತಿ."

ರೆಡ್ಡಿಗೆ ಫೋನು ಮಾಡಿ ಹೇಳಿದೆ, ಟ್ಯಾಂಕಿನಲ್ಲಿ ಕಸ ಇತ್ತು.
ಯಾರ ಕಸ ಅಂತ ಅವನು ಕೇಳಲಿಲ್ಲ,
ನಾನು ಹೇಳಲಿಲ್ಲ.

ಬಾಟಾ ಕೊಟ್ಟನಂತೆ.
ಒಂದು ಟ್ರಿಪ್ಪಿನದು.